ಅವಕಾಶದ ಮುಂದೆ ಅಪನಂಬಿಕೆ: ಇಂದಾಪುರದ ಇತಿಹಾಸ ಕಲಿಸುವ ವಿವೇಕ

ಹೊಸ ಬೆಳೆ, ಹೊಸ ಸಾಲ, ಹೊಸ ಉದ್ಯೋಗ ಅಥವಾ ಹೊಸ ಸರ್ಕಾರಿ ಯೋಜನೆ ಎದುರಾದಾಗ ಜನರು ಕೊಡುವ ಉತ್ತರವನ್ನು ಆ ಅವಕಾಶದ ಗುಣವೊಂದೇ ನಿರ್ಧರಿಸುವುದಿಲ್ಲ. ಹಿಂದೆ ಕಂಡ ನಷ್ಟ, ನಂಬಿ ಕೆಟ್ಟ ಅನುಭವ, ಹಿರಿಯರ ಬಾಯಲ್ಲಿ ಕೇಳಿದ ಎಚ್ಚರಿಕೆಯ ಮಾತು ಇವೆಲ್ಲ ಸೇರಿ ರೂಪಿಸಿದ ಮನೋಧರ್ಮವೂ ಅಷ್ಟೇ ಬಲವಾಗಿ ಅದನ್ನು ನಿರ್ಧರಿಸುತ್ತದೆ. ಈ ಮನೋಧರ್ಮ ಯಾವಾಗ ರಕ್ಷಣೆಯಾಗುತ್ತದೆ, ಯಾವಾಗ ಅಡ್ಡಿಯಾಗುತ್ತದೆ, ಅಡ್ಡಿಯಾದಾಗ ಅದನ್ನು ತಿದ್ದಿಕೊಳ್ಳುವ ಬಗೆ ಯಾವುದು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ. ಇದಕ್ಕೆ ಆಧಾರವಾಗಿ ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನ ಅನುಭವವನ್ನು ಆರಿಸಿಕೊಳ್ಳಲಾಗಿದೆ. ಭೀಮಾ ಮತ್ತು ನೀರಾ ನದಿಗಳ ನಡುವೆ, ಮಳೆ ಕಡಿಮೆ ಬೀಳುವ ಬಯಲಿನಲ್ಲಿರುವ ಈ ತಾಲ್ಲೂಕಿನ ರೈತರ ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ಎರಡು ದೊಡ್ಡ ಅವಕಾಶಗಳು ಬಂದವು. ಎರಡೂ ಸಲ ಅಪನಂಬಿಕೆ ಹಾದಿಗೆ ಅಡ್ಡವಾಗಿ ನಿಂತಿತ್ತು, ಎರಡೂ ಸಲ ಅದಕ್ಕೆ ಕಾರಣವಿತ್ತು, ಎರಡೂ ಸಲ ಅದು ಕರಗಿದ ರೀತಿ ಒಂದೇ ಬಗೆಯದಾಗಿತ್ತು. ಇಂದಾಪುರವನ್ನು ದಾಟಿದ ಭೀಮೆ ಮುಂದೆ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಬರುವುದರಿಂದಲೂ, ಇಲ್ಲಿ ರೂಪುಗೊಂಡ ಭೂಕಂದಾಯದ ಪದ್ಧತಿಯೇ ಕನ್ನಡನಾಡಿನ ಹಳ್ಳಿಗಳಿಗೂ ಬಂದುದರಿಂದಲೂ ಈ ಇತಿಹಾಸ ಕನ್ನಡ ಓದುಗರಿಗೆ ಹೊರಗಿನದಲ್ಲ.

ನಿರಾಶಾವಾದ ಮತ್ತು ಸಿನಿಕತೆ

ಈ ಎರಡನ್ನೂ ಒಂದೇ ಎಂದು ಭಾವಿಸುವ ರೂಢಿಯಿದ್ದರೂ ಅವು ಬೇರೆ ಬೇರೆ. ಫಲಿತಾಂಶ ಕೆಟ್ಟದ್ದೇ ಆಗುತ್ತದೆ ಎಂಬ ನಿರೀಕ್ಷೆ ನಿರಾಶಾವಾದ. ಇತರರ ನಡೆಯ ಹಿಂದೆ ಸ್ವಾರ್ಥವೇ ಇರುತ್ತದೆ, ಒಳ್ಳೆಯ ಮಾತೆಲ್ಲ ಮುಖವಾಡ ಎಂಬ ನಿಲುವು ಸಿನಿಕತೆ. ದಾಳಿಂಬೆ ತೋಟ ಮಾಡಲು ಹಿಂಜರಿಯುವ ರೈತನೊಬ್ಬ ರೋಗ ಬಂದು ಬೆಳೆ ಹಾಳಾಗಬಹುದೆಂದು ಹೇಳಿದರೆ ಅದು ಮೊದಲನೆಯ ಬಗೆಯದು. ಸಲಹೆ ಕೊಡುವ ಕೃಷಿ ಅಧಿಕಾರಿಗೆ ಔಷಧಿ ಕಂಪನಿಯಿಂದ ಕಮಿಷನ್ ಬರುತ್ತದೆ, ಅದಕ್ಕಾಗಿಯೇ ಆತ ಹೇಳುತ್ತಾನೆ ಎಂದು ವಿಚಾರಿಸದೆಯೇ ತೀರ್ಮಾನಿಸಿದರೆ ಅದು ಎರಡನೆಯ ಬಗೆಯದು. ಮೊದಲನೆಯದು ಜಗತ್ತಿನ ಆಗುಹೋಗುಗಳ ಬಗೆಗಿನ ಅಂದಾಜು, ಎರಡನೆಯದು ಮನುಷ್ಯರ ಬಗೆಗಿನ ತೀರ್ಪು.

ಇವೆರಡಕ್ಕೂ ಹತ್ತಿರವಿದ್ದು ಇವೆರಡಕ್ಕಿಂತ ಭಿನ್ನವಾದದ್ದು ಸಂಶಯ. ಸಂಶಯ ಪ್ರಶ್ನೆಯ ರೂಪದಲ್ಲಿರುತ್ತದೆ ಮತ್ತು ತಕ್ಕ ಉತ್ತರ ದೊರೆತಾಗ ಕೊನೆಗೊಳ್ಳುತ್ತದೆ. ಸಿನಿಕತೆ ಉತ್ತರಕ್ಕೆ ಕಾಯುವುದಿಲ್ಲ. ವಿರುದ್ಧವಾದ ಸಾಕ್ಷ್ಯ ಬಂದರೂ ಅದನ್ನು ಇನ್ನೊಂದು ಮೋಸದ ಗುರುತೆಂದೇ ಓದುತ್ತದೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇಂದಾಪುರದ ರೈತರು ನಡೆದುಕೊಂಡ ರೀತಿ ಸ್ಪಷ್ಟವಾಗುತ್ತದೆ.

ಬೀಳು ಬಿದ್ದ ಭೂಮಿ ಮತ್ತು ಮೂವತ್ತು ವರ್ಷಗಳ ಭರವಸೆ

1818ರಲ್ಲಿ ಪೇಶ್ವೆಗಳ ಆಳ್ವಿಕೆ ಕೊನೆಗೊಂಡು ಪುಣೆ ಪ್ರದೇಶ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ಮೇಲೆ, 1820ರ ದಶಕದ ಕೊನೆಯಲ್ಲಿ ಆರ್. ಕೆ. ಪ್ರಿಂಗಲ್ ಎಂಬ ಅಧಿಕಾರಿ ಇಲ್ಲಿ ಹೊಸ ಭೂಮಾಪನವನ್ನು ನಡೆಸಿದನು. ಬೇಸಾಯದ ಖರ್ಚು ಕಳೆದು ಉಳಿಯುವ ನಿವ್ವಳ ಉತ್ಪನ್ನವನ್ನು ಪ್ರತಿ ಹೊಲಕ್ಕೂ ಲೆಕ್ಕಹಾಕಿ ಅದರ ಶೇ 55ರಷ್ಟನ್ನು ಸರ್ಕಾರ ಪಡೆಯಬೇಕೆಂಬುದು ಆತನ ಸೂತ್ರವಾಗಿತ್ತು. ಕಾಗದದ ಮೇಲೆ ಈ ಸೂತ್ರ ಶಾಸ್ತ್ರೀಯವಾಗಿ ಕಂಡರೂ ಅಳತೆಗಳಲ್ಲಿ ತಪ್ಪುಗಳಿದ್ದವು, ಉತ್ಪನ್ನದ ಅಂದಾಜು ವಾಸ್ತವಕ್ಕೆ ದೂರವಾಗಿತ್ತು, ಜೊತೆಗೆ ಧಾನ್ಯದ ಬೆಲೆಯೂ ಕುಸಿದಿತ್ತು. ಕಂದಾಯ ತೆರಲಾರದೆ ರೈತರು ಜಮೀನು ಬಿಟ್ಟರು, ಹಲವರು ಊರನ್ನೇ ತೊರೆದರು, ಉಳಬಹುದಾದ ಭೂಮಿ ವಿಸ್ತಾರವಾಗಿ ಬೀಳು ಬಿದ್ದಿತು.

ಇಂಥ ಅನುಭವದ ಬಳಿಕ ಸರ್ಕಾರ ಇನ್ನೊಂದು ಸರ್ವೆ ಮಾಡುತ್ತದೆ ಎಂದರೆ ಜನರು ನಂಬಲು ಕಾರಣವೇ ಇರಲಿಲ್ಲ. 1835ರಲ್ಲಿ ಎಚ್. ಇ. ಗೋಲ್ಡ್‌ಸ್ಮಿಡ್ ಮತ್ತು ಜಾರ್ಜ್ ವಿಂಗೇಟ್ ಇಂದಾಪುರದಲ್ಲಿ ಕೆಲಸ ಆರಂಭಿಸಿದಾಗ ನಿವ್ವಳ ಉತ್ಪನ್ನದ ಕಲ್ಪಿತ ಲೆಕ್ಕವನ್ನು ಕೈಬಿಟ್ಟು, ಹೊಲಗಳನ್ನು ಅಳೆದು, ಮಣ್ಣಿನ ಬಗೆ ಮತ್ತು ಆಳವನ್ನು ನೋಡಿ ದರ್ಜೆ ಮಾಡಿ, ಹಿಂದಿನ ವರ್ಷಗಳಲ್ಲಿ ನಿಜವಾಗಿ ವಸೂಲಾದ ಕಂದಾಯವನ್ನು ಪರಿಶೀಲಿಸಿ ದರವನ್ನು ಇಳಿಸಿದರು. 1836ರಲ್ಲಿ ಜಾರಿಗೆ ಬಂದ ಈ ವ್ಯವಸ್ಥೆಯ ಮುಖ್ಯ ಅಂಶವೆಂದರೆ ದರ ಮೂವತ್ತು ವರ್ಷ ಬದಲಾಗದು ಎಂಬ ಭರವಸೆ. ರೈತ ತನಗೆ ಬೇಡವಾದ ಹೊಲವನ್ನು ತಿಳಿವಳಿಕೆ ಕೊಟ್ಟು ಬಿಡಬಹುದಾಗಿತ್ತು, ಬೇಕಾದುದನ್ನು ಹಿಡಿದುಕೊಳ್ಳಬಹುದಾಗಿತ್ತು. ಹೆಚ್ಚು ದುಡಿದು ಹೆಚ್ಚು ಬೆಳೆದರೆ ಆ ಲಾಭ ಅವಧಿ ಮುಗಿಯುವವರೆಗೆ ಅವನದೇ ಆಗಿತ್ತು. ಬಿಟ್ಟುಹೋಗಿದ್ದ ಭೂಮಿ ಮತ್ತೆ ನೇಗಿಲಿಗೆ ಬಂದಿತು. ಈ ಪದ್ಧತಿ 1840ರ ದಶಕದಲ್ಲಿ ವಿಂಗೇಟನ ಮೇಲ್ವಿಚಾರಣೆಯಲ್ಲಿ ಧಾರವಾಡ, ಬೆಳಗಾವಿ ಪ್ರದೇಶಗಳಿಗೂ, 1860ರ ದಶಕದಲ್ಲಿ ಮೈಸೂರು ಸೀಮೆಗೂ ಹಬ್ಬಿತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಜಮೀನು ಬಿಟ್ಟುಹೋದಾಗ ಆ ರೈತರನ್ನು ಸೋಮಾರಿಗಳೆಂದೋ ವಿಧಿಯನ್ನು ನಂಬಿ ಕುಳಿತವರೆಂದೋ ಬಣ್ಣಿಸುವುದು ಸುಲಭವಾಗಿತ್ತು. ಆದರೆ ಷರತ್ತು ಬದಲಾದೊಡನೆ ಅವರ ನಡೆಯೂ ಬದಲಾಯಿತು; ಎಂದರೆ ಅವರಲ್ಲಿದ್ದುದು ಕಾರಣವಿದ್ದ ಸಂಶಯ, ಕಾರಣ ನಿವಾರಣೆಯಾದಾಗ ಅದು ಕೂಡ ಹೋಯಿತು.

ಭರವಸೆಯ ಅವಧಿ ಮುಗಿದ ಮೇಲೆ ನಡೆದದ್ದು ಇದರ ಇನ್ನೊಂದು ಮುಖ. 1867ರಲ್ಲಿ ಇಂದಾಪುರದ ಕಂದಾಯವನ್ನು ಮರುಪರಿಷ್ಕರಿಸಿದಾಗ, ಅಮೆರಿಕದ ಅಂತರ್ಯುದ್ಧದಿಂದಾಗಿ ಹತ್ತಿ ಮತ್ತು ಇತರ ಬೆಳೆಗಳ ಬೆಲೆ ಏರಿದ್ದ ವರ್ಷಗಳ ಪ್ರಭಾವದಲ್ಲಿ ದರವನ್ನು ಗಣನೀಯವಾಗಿ ಏರಿಸಲಾಯಿತು. ಬಳಿಕ ಬೆಲೆ ಇಳಿಯಿತು, ಸಾಲ ಬೆಳೆಯಿತು. 1875ರ ಮೇ ತಿಂಗಳಲ್ಲಿ ಇದೇ ಜಿಲ್ಲೆಯ ಸುಪೆ ಗ್ರಾಮದಲ್ಲಿ ಆರಂಭವಾದ ದಖ್ಖನ್ ದಂಗೆಗಳಲ್ಲಿ ರೈತರು ಸಾಹುಕಾರರ ಸಾಲಪತ್ರಗಳನ್ನು ಸುಟ್ಟರು. ಮೂವತ್ತು ವರ್ಷಗಳಲ್ಲಿ ಕಟ್ಟಿದ ನಂಬಿಕೆ ಕೆಲವೇ ವರ್ಷಗಳಲ್ಲಿ ಕುಸಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ನೀರು ಬಂದರೂ ಪಡೆಯದ ಕಾಲ

ಎರಡನೆಯ ಅವಕಾಶ ಬಂದದ್ದು ಕಾಲುವೆಯ ರೂಪದಲ್ಲಿ. 1876–77ರ ಭೀಕರ ಬರದ ಹಿನ್ನೆಲೆಯಲ್ಲಿ ನಿರ್ಮಾಣಗೊಂಡು 1885ರ ವೇಳೆಗೆ ನೀರು ಹರಿಸತೊಡಗಿದ ನೀರಾ ಎಡದಂಡೆ ಕಾಲುವೆ ಬಾರಾಮತಿಯ ಮೂಲಕ ಇಂದಾಪುರ ತಾಲ್ಲೂಕಿನವರೆಗೆ ಸಾಗುತ್ತದೆ. ಬರಪೀಡಿತ ಬಯಲಿಗೆ ನೀರು ಬಂದರೆ ರೈತರು ಮುಗಿಬೀಳುತ್ತಾರೆಂದು ಎಂಜಿನಿಯರುಗಳು ನಿರೀಕ್ಷಿಸಿದ್ದರು. ಹಾಗಾಗಲಿಲ್ಲ. ಮಳೆ ಚೆನ್ನಾಗಿ ಬಂದ ವರ್ಷ ಜೋಳ, ಸಜ್ಜೆ ಬೆಳೆಯುವವರಿಗೆ ಹಣ ತೆತ್ತು ನೀರು ಪಡೆಯುವ ಅಗತ್ಯ ಕಾಣುತ್ತಿರಲಿಲ್ಲ. ಮಳೆ ಕೈಕೊಟ್ಟ ವರ್ಷ ಎಲ್ಲರೂ ಒಮ್ಮೆಗೇ ಕೇಳಿದರೆ ಕಾಲುವೆಯ ನೀರು ಸಾಲುತ್ತಿರಲಿಲ್ಲ. ನೀರಾವರಿಯ ಲಾಭ ಪೂರ್ತಿ ಸಿಗಬೇಕಾದರೆ ಕಬ್ಬು ಬೆಳೆಯಬೇಕಾಗಿತ್ತು. ಕಬ್ಬಿಗೆ ಗೊಬ್ಬರ, ಹಿಂಡಿ, ಕೂಲಿ, ಗಾಣ, ಬೆಲ್ಲದ ಕೊಪ್ಪರಿಗೆ ಎಂದು ವರ್ಷಪೂರ್ತಿ ಬಂಡವಾಳ ಹೂಡಬೇಕಾಗಿತ್ತು. ಸಾಸ್ವಡದ ಕಡೆಯ ಮಾಳಿ ಸಮುದಾಯದ ಅನುಭವಿ ಕೃಷಿಕ ಕುಟುಂಬಗಳು ಕಾಲುವೆಯ ಪ್ರದೇಶಕ್ಕೆ ಬಂದು ಭೂಮಿಯನ್ನು ಗುತ್ತಿಗೆಗೆ ಪಡೆದು ಕಬ್ಬು ಬೆಳೆದು ತೋರಿಸಿದವು. ಕಣ್ಣೆದುರಿನ ಈ ಬೆಳೆ ಸ್ಥಳೀಯ ರೈತರಿಗೆ ಯಾವ ಪ್ರಚಾರಕ್ಕಿಂತಲೂ ಹೆಚ್ಚಿನದನ್ನು ಕಲಿಸಿತು.

ಇದೇ ಕಾಲುವೆಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಂ. ವಿಶ್ವೇಶ್ವರಯ್ಯನವರು ಬಾಂಬೆ ಸರ್ಕಾರದ ಎಂಜಿನಿಯರ್ ಆಗಿ ‘ಬ್ಲಾಕ್ ಪದ್ಧತಿ’ಯನ್ನು ಜಾರಿಗೆ ತಂದರು. ಕಾಲುವೆಯ ಕೆಳಗಿನ ಜಮೀನನ್ನು ನಿರ್ದಿಷ್ಟ ಭಾಗಗಳಾಗಿ ವಿಂಗಡಿಸಿ, ಆ ಭಾಗಗಳಿಗೆ ಹಲವು ವರ್ಷಗಳ ಅವಧಿಗೆ ನೀರಿನ ಖಾತ್ರಿ ಕೊಟ್ಟು, ಒಂದು ಅಂಶದಲ್ಲಿ ಕಬ್ಬು, ಉಳಿದುದರಲ್ಲಿ ಕಡಿಮೆ ನೀರಿನ ಬೆಳೆಗಳು ಸರದಿಯಂತೆ ಬರುವ ಹಾಗೆ ಮಾಡಿದ ಏರ್ಪಾಡು ಅದು. ನೀರು ಕೆಲವೇ ಹಳ್ಳಿಗಳ ಪಾಲಾಗದೆ ಹೆಚ್ಚು ಜನರಿಗೆ ಹಂಚಿಹೋಗಬೇಕೆಂಬುದು ಇದರ ಗುರಿ. ಮೊದಲಿಗೆ ರೈತರಲ್ಲಿ ಸಂಶಯವೂ ವಿರೋಧವೂ ಎದ್ದವು. ವಿಶ್ವೇಶ್ವರಯ್ಯನವರು ಆ ವಿರೋಧವನ್ನು ಅಜ್ಞಾನವೆಂದು ತಳ್ಳಿಹಾಕದೆ ರೈತರೊಡನೆ ಮಾತನಾಡಿ ಪದ್ಧತಿಯನ್ನು ವಿವರಿಸಿದರು, ಕ್ರಮೇಣ ಅದು ಒಪ್ಪಿತವಾಯಿತು. 1836ರ ಭೂಕಂದಾಯಕ್ಕೂ ಬ್ಲಾಕ್ ಪದ್ಧತಿಗೂ ಇರುವ ಸಾಮ್ಯ ಇಲ್ಲಿ ಎದ್ದುಕಾಣುತ್ತದೆ. ಎರಡರಲ್ಲೂ ಜನರನ್ನು ಒಲಿಸಿದ್ದು ಉತ್ಸಾಹದ ಭಾಷಣವಲ್ಲ, ಅವಧಿ ಮತ್ತು ಮಿತಿ ಗೊತ್ತಿದ್ದ ಭರವಸೆ.

ಅಪನಂಬಿಕೆಯಲ್ಲಿ ತಿಳಿವಳಿಕೆಯೂ ಅಡಗಿರಬಹುದು ಎಂಬುದಕ್ಕೂ ನೀರಾ ಕಾಲುವೆಯೇ ಸಾಕ್ಷಿ. ಕಬ್ಬಿಗೆ ಮಿತಿಮೀರಿ ನೀರು ಹಾಯಿಸಿದ ಕಡೆ ಅಂತರ್ಜಲ ಮೇಲೇರಿ, ಲವಣ ಮೇಲೆ ಬಂದು, ಫಲವತ್ತಾದ ಕಪ್ಪು ನೆಲ ಸವಳು–ಜವಳಾಯಿತು. ನೀರಿನಿಂದ ನೆಲ ಕೆಡಬಹುದೆಂಬ ಶಂಕೆ ಹುರುಳಿಲ್ಲದ್ದಾಗಿರಲಿಲ್ಲ. ಆದರೆ ಅದಕ್ಕೆ ತಕ್ಕ ಪರಿಹಾರ ಕಾಲುವೆಯನ್ನು ತಿರಸ್ಕರಿಸುವುದಾಗಿರಲಿಲ್ಲ. ಬಸಿಗಾಲುವೆ ತೋಡುವುದು, ನೀರಿನ ಪ್ರಮಾಣ ತಗ್ಗಿಸುವುದು, ಬೆಳೆ ಬದಲಿಸುವುದು ಆಗಿತ್ತು.

ಮನಶ್ಶಾಸ್ತ್ರ ಏನು ಹೇಳುತ್ತದೆ

ಇತಿಹಾಸದಲ್ಲಿ ಕಂಡ ಈ ವರ್ತನೆಗೆ ಆಧುನಿಕ ಮನಶ್ಶಾಸ್ತ್ರ ಕೆಲವು ವಿವರಣೆಗಳನ್ನು ಕೊಟ್ಟಿದೆ. ಡೇನಿಯಲ್ ಕಾಹ್ನೆಮನ್ ಮತ್ತು ಏಮಸ್ ಟ್ವೆರ್ಸ್ಕಿ 1979ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಒಂದೇ ಮೊತ್ತವಾದರೂ ಅದು ಕೈಬಿಟ್ಟುಹೋದಾಗಿನ ನೋವು ಅದು ಕೈಸೇರಿದಾಗಿನ ಸಂತೋಷಕ್ಕಿಂತ ಹೆಚ್ಚು. ಇದನ್ನು ‘ನಷ್ಟವಿಮುಖತೆ’ ಎನ್ನಬಹುದು. ಆದ್ದರಿಂದ ಲಾಭದ ಸಂಭವ ಹೆಚ್ಚಿದ್ದಾಗಲೂ ಮನಸ್ಸು ಹಿಂದೆ ಸರಿಯುತ್ತದೆ. ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ವರದಿ ಮಾಡಿದ ಪ್ರಯೋಗಗಳಲ್ಲಿ, ತಪ್ಪಿಸಿಕೊಳ್ಳಲಾಗದ ನೋವನ್ನು ಮತ್ತೆ ಮತ್ತೆ ಅನುಭವಿಸಿದ ಪ್ರಾಣಿಗಳು ಬಳಿಕ ತಪ್ಪಿಸಿಕೊಳ್ಳುವ ದಾರಿ ತೆರೆದಿದ್ದರೂ ಯತ್ನಿಸಲಿಲ್ಲ. ಇದು ‘ಕಲಿತ ಅಸಹಾಯಕತೆ’ ಎಂದು ಹೆಸರಾಯಿತು. 2016ರಲ್ಲಿ ಈ ಇಬ್ಬರೇ ತಮ್ಮ ಸಿದ್ಧಾಂತವನ್ನು ತಿದ್ದಿ, ದೀರ್ಘ ಸಂಕಟದ ಮುಂದೆ ಸುಮ್ಮನಾಗುವುದು ಸಹಜ ಪ್ರತಿಕ್ರಿಯೆಯೆಂದೂ, ಪರಿಸ್ಥಿತಿ ತನ್ನ ಹಿಡಿತದಲ್ಲಿದೆ ಎಂಬುದನ್ನೇ ಅನುಭವದಿಂದ ಕಲಿಯಬೇಕಾಗುತ್ತದೆಂದೂ ಹೇಳಿದರು. ಈ ತಿದ್ದುಪಡಿ ಮಹತ್ವದ್ದು, ಏಕೆಂದರೆ ಹಿಂಜರಿಯುವವನಿಗೆ ಉಪದೇಶಕ್ಕಿಂತ ಸಣ್ಣದಾದರೂ ನಿಜವಾದ ಯಶಸ್ಸಿನ ಅನುಭವ ಬೇಕು ಎಂಬುದು ಅದರ ಸಾರ.

ಸಿನಿಕತೆಯ ಬೆಲೆಯ ಬಗ್ಗೆ ಓಲ್ಗಾ ಸ್ಟಾವ್ರೋವಾ ಮತ್ತು ಡೇನಿಯಲ್ ಎಹ್ಲೆಬ್ರಾಖ್ಟ್ 2016ರಲ್ಲಿ ಪ್ರಕಟಿಸಿದ ಅಧ್ಯಯನ, ಇತರರನ್ನು ನಂಬದವರ ಆದಾಯ ಕಾಲಕ್ರಮದಲ್ಲಿ ಕಡಿಮೆ ಬೆಳೆಯುತ್ತದೆ ಎಂದು ತೋರಿಸಿತು. ಸಹಕಾರದಿಂದ ಬರುವ ಲಾಭವನ್ನು ಅವರು ಬಿಟ್ಟುಕೊಡುವುದೂ, ತಮ್ಮನ್ನು ಕಾಪಾಡಿಕೊಳ್ಳಲು ಹೆಚ್ಚು ಶಕ್ತಿ ವ್ಯಯಿಸುವುದೂ ಇದಕ್ಕೆ ಕಾರಣವೆಂಬುದು ಅವರ ವಿವರಣೆ. ಆದರೆ ಅಪರಾಧ ಮತ್ತು ಅಪನಂಬಿಕೆ ವ್ಯಾಪಕವಾಗಿರುವ ಸಮಾಜಗಳಲ್ಲಿ ಈ ನಷ್ಟ ಹಾಗೆ ಕಾಣಿಸಲಿಲ್ಲ. ಅದೇ ಸಂಶೋಧಕರ ಮುಂದಿನ ಅಧ್ಯಯನವೊಂದು, ಸಿನಿಕರು ಹೆಚ್ಚು ಬುದ್ಧಿವಂತರೆಂದು ಜನಸಾಮಾನ್ಯರು ಭಾವಿಸುವರಾದರೂ ಬೌದ್ಧಿಕ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಅದು ಹಾಗಿಲ್ಲವೆಂದು ಕಂಡುಕೊಂಡಿತು. ಯಾರನ್ನೂ ನಂಬದಿರುವುದು ಚತುರತೆಯ ಲಕ್ಷಣವೆಂಬ ನಂಬಿಕೆಯನ್ನೇ ಪರೀಕ್ಷಿಸಬೇಕಾದ ಅಗತ್ಯ ಇದರಿಂದ ತಿಳಿಯುತ್ತದೆ.

ನಿರಾಶಾವಾದದಲ್ಲಿ ಉಪಯುಕ್ತವಾದ ಬಗೆಯೂ ಒಂದಿದೆ. ಜೂಲಿ ನೋರೆಮ್ ಮತ್ತು ನ್ಯಾನ್ಸಿ ಕ್ಯಾಂಟರ್ 1986ರಲ್ಲಿ ವಿವರಿಸಿದ ‘ರಕ್ಷಣಾತ್ಮಕ ನಿರಾಶಾವಾದ’ದಲ್ಲಿ ವ್ಯಕ್ತಿ ಏನೇನು ಕೆಡಬಹುದೆಂದು ಮೊದಲೇ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಸಿದ್ಧತೆ ಮಾಡಿಕೊಂಡು ಕೆಲಸಕ್ಕೆ ಇಳಿಯುತ್ತಾನೆ. ಚಿಂತೆ ಇಲ್ಲಿ ಸಿದ್ಧತೆಯಾಗಿ ಮಾರ್ಪಡುತ್ತದೆ.

ಅವಕಾಶವನ್ನು ಅಳೆಯುವ ಏಳು ಹೆಜ್ಜೆಗಳು

1. ಫಲದ ಬಗೆಗಿನ ಭಯವನ್ನು ಜನರ ಬಗೆಗಿನ ಅಪನಂಬಿಕೆಯಿಂದ ಬೇರ್ಪಡಿಸಬೇಕು. ಒಂದು ಹಾಳೆಯ ಎಡಕ್ಕೆ ‘ಏನು ಕೆಡಬಹುದು’ ಎಂದೂ ಬಲಕ್ಕೆ ‘ಯಾರು ಮೋಸ ಮಾಡಬಹುದು’ ಎಂದೂ ಬರೆದರೆ, ಮೊದಲನೆಯದಕ್ಕೆ ತಾಂತ್ರಿಕ ಸಲಹೆ, ವಿಮೆ, ಪರ್ಯಾಯ ಬೆಳೆ ಬೇಕೆಂಬುದೂ ಎರಡನೆಯದಕ್ಕೆ ಕರಾರು, ರಸೀದಿ, ಸಾಕ್ಷಿ ಬೇಕೆಂಬುದೂ ಗೋಚರಿಸುತ್ತದೆ.

2. ಪ್ರತಿಯೊಂದು ಅಪನಂಬಿಕೆಯನ್ನೂ ಉತ್ತರ ಸಿಗಬಲ್ಲ ಪ್ರಶ್ನೆಯಾಗಿ ಪರಿವರ್ತಿಸಬೇಕು. ‘ಸಬ್ಸಿಡಿ ಹಣ ಯಾರಿಗೂ ಬರುವುದಿಲ್ಲ’ ಎಂಬ ತೀರ್ಮಾನದ ಬದಲು ‘ಕಳೆದ ಸಾಲಿನಲ್ಲಿ ಈ ಗ್ರಾಮದಲ್ಲಿ ಹನಿ ನೀರಾವರಿಗೆ ಅರ್ಜಿ ಹಾಕಿದವರೆಷ್ಟು, ಹಣ ಪಡೆದವರೆಷ್ಟು, ಎಷ್ಟು ತಿಂಗಳಲ್ಲಿ’ ಎಂದು ಕೇಳಬಹುದು. ಉತ್ತರ ಸುಲಭವಾಗಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕಾದದ್ದು ಕಚೇರಿಯ ಹೊಣೆ.

3. ಯಾವ ಸಾಕ್ಷ್ಯ ದೊರೆತರೆ ತನ್ನ ಅಭಿಪ್ರಾಯ ಬದಲಾಗುತ್ತದೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಯಾವ ಸಾಕ್ಷ್ಯವೂ ಸಾಲದು ಎಂಬ ಉತ್ತರ ಮನಸ್ಸಿನಿಂದ ಬಂದರೆ, ಎದುರಿಗಿರುವುದು ಸಂಶಯವಲ್ಲ, ಸಿನಿಕತೆ ಎಂದು ಗುರುತಿಸಬೇಕು.

4. ಆರಂಭವನ್ನು ತಡೆದುಕೊಳ್ಳಬಲ್ಲ ನಷ್ಟದ ಮಿತಿಯೊಳಗೆ ಇಡಬೇಕು. ಐದು ಎಕರೆ ಇದ್ದವರು ಅರ್ಧ ಎಕರೆಯಲ್ಲಿ ಹೊಸ ಬೆಳೆ ಬೆಳೆದು ನೋಡಬಹುದು. ಕೆಲಸ ಬದಲಿಸಬೇಕೆನ್ನುವವರು ಇರುವ ಕೆಲಸವನ್ನು ಬಿಡುವ ಮೊದಲೇ ಹೊಸ ಕೌಶಲವನ್ನು ಕಲಿಯಬಹುದು. ಮನೆಯ ಊಟ, ಮಕ್ಕಳ ಓದು, ಔಷಧೋಪಚಾರದ ಹಣವನ್ನು ಪಣಕ್ಕಿಡುವ ಅವಕಾಶವನ್ನು ನಿರಾಕರಿಸುವುದು ನಿರಾಶಾವಾದ ಅಲ್ಲ.

5. ಗೆದ್ದವರನ್ನೂ ಸೋತವರನ್ನೂ ಕೇಳಬೇಕು. ಗೆದ್ದವರ ತೋಟವನ್ನಷ್ಟೇ ತೋರಿಸುವುದು ಮಾರಾಟಗಾರರ ರೂಢಿಯಾದರೆ, ಸೋತವರ ಕತೆಯನ್ನಷ್ಟೇ ಹೇಳುವುದು ಹರಟೆಕಟ್ಟೆಯ ರೂಢಿ. ಸೋಲಿಗೆ ಕಾರಣ ನೀರೋ, ಸಾಲವೋ, ಬೆಲೆಯೋ, ನಿರ್ವಹಣೆಯೋ ಎಂದು ವಿಚಾರಿಸಿದರೆ, ಆ ಕಾರಣ ತನ್ನ ವಿಷಯದಲ್ಲೂ ಇದೆಯೇ ಎಂಬುದು ಗೊತ್ತಾಗುತ್ತದೆ.

6. ಭರವಸೆಯನ್ನು ಬರಹದಲ್ಲಿ ಪಡೆಯಬೇಕು ಮತ್ತು ಅದು ಮುರಿದಾಗ ಏನು ಮಾಡಬಹುದೆಂಬುದನ್ನು ತಿಳಿದಿರಬೇಕು. 1966ರ ಕಬ್ಬು (ನಿಯಂತ್ರಣ) ಆದೇಶದ ಪ್ರಕಾರ ಕಬ್ಬು ಪಡೆದ ಕಾರ್ಖಾನೆ 14 ದಿನಗಳೊಳಗೆ ಹಣ ಪಾವತಿಸಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು. ಕಾರ್ಖಾನೆಗಳೆಲ್ಲ ಮೋಸಗಾರರು ಎಂಬ ನಿಟ್ಟುಸಿರಿನಿಂದ ಒಂದು ರೂಪಾಯಿಯೂ ಬರುವುದಿಲ್ಲ. ಕಾಟಾದ ತೂಕದ ಚೀಟಿ, ಸಾಗಣೆಯ ದಿನಾಂಕ ಮತ್ತು ಈ ನಿಯಮವನ್ನು ಮುಂದಿಟ್ಟು ಸಂಘಟಿತವಾಗಿ ಕೇಳಿದವರಿಗೆ ಕೇಳುವ ಹಕ್ಕಿನ ಬಲವಾದರೂ ಇರುತ್ತದೆ.

7. ನಿರ್ಧಾರಕ್ಕೆ ದಿನಾಂಕವನ್ನು ಗೊತ್ತುಪಡಿಸಬೇಕು. ಇನ್ನೂ ನೋಡೋಣ ಎಂಬ ಮಾತು ವಿವೇಕದಂತೆ ಕಂಡರೂ ನಾಟಿಯ ಕಾಲ, ಅರ್ಜಿಯ ಕೊನೆಯ ದಿನ, ಪ್ರವೇಶದ ಅವಧಿ ಮುಗಿದ ಮೇಲೆ ಅದು ನಿರಾಕರಣೆಯೇ ಆಗುತ್ತದೆ. ಬೇಡವೆನ್ನುವುದಾದರೆ ಕಾರಣಸಹಿತವಾಗಿ, ಸಮಯದೊಳಗೆ ಬೇಡವೆನ್ನಬೇಕು.

ನಿರಾಕರಿಸುವುದೇ ಸರಿಯಾದಾಗ

ಎಲ್ಲ ಅವಕಾಶಗಳನ್ನೂ ಸ್ವೀಕರಿಸಬೇಕೆಂಬುದು ಈ ವಿವೇಚನೆಯ ಅರ್ಥವಲ್ಲ. ಷರತ್ತುಗಳನ್ನು ಬರಹದಲ್ಲಿ ಕೊಡಲೊಪ್ಪದವರು, ಇಂದೇ ಹಣ ಕಟ್ಟಬೇಕೆಂದು ಅವಸರಿಸುವವರು, ನಷ್ಟದ ಸಂಭವವೇ ಇಲ್ಲವೆನ್ನುವವರು, ಇತರರನ್ನು ಸೇರಿಸಿದರೆ ಮಾತ್ರ ಲಾಭವೆನ್ನುವವರು ಮುಂದಿಡುವ ಯೋಜನೆಗಳನ್ನು ಬಿಡುವುದೇ ಲೇಸು. ಮೂವತ್ತು ವರ್ಷಗಳ ಖಾತ್ರಿ ಸಿಗುವವರೆಗೆ ಪ್ರಿಂಗಲನ ದರದಲ್ಲಿ ಉಳದೆ ದೂರ ಸರಿದ ರೈತರು ತಪ್ಪು ಮಾಡಲಿಲ್ಲ. ಹಾಗೆಯೇ 1980ರ ವೇಳೆಗೆ ಪೂರ್ಣಗೊಂಡ ಉಜನಿ ಅಣೆಕಟ್ಟಿನ ಹಿನ್ನೀರಿನಲ್ಲಿ ಇಂದಾಪುರ ತಾಲ್ಲೂಕಿನ ಊರುಗಳೂ ಹೊಲಗಳೂ ಮುಳುಗಿದವು. ಹೀಗೆ ನೆಲ ಕಳೆದುಕೊಂಡ ಕುಟುಂಬಗಳು ಹೊಸ ಯೋಜನೆಯ ಮಾತು ಬಂದಾಗ ಕಠಿಣ ಪ್ರಶ್ನೆ ಕೇಳಿದರೆ ಅದನ್ನು ಅಭಿವೃದ್ಧಿವಿರೋಧವೆಂದು ಕರೆಯುವುದು ಅನ್ಯಾಯ.

ಅವಕಾಶ ಒದಗಿಸುವವರ ಹೊಣೆ

ಜನರ ನಿರುತ್ಸಾಹವನ್ನು ದೂರುವ ಅಧಿಕಾರಿಗಳು, ಸಹಕಾರಿ ಸಂಘಗಳ ಆಡಳಿತ ಮಂಡಳಿಗಳು, ಬ್ಯಾಂಕುಗಳು, ಶಿಕ್ಷಕರು ಇಂದಾಪುರದಿಂದ ಕಲಿಯಬೇಕಾದ ಪಾಠವೂ ಇದೆ. ಹಿಂದಿನ ತಪ್ಪನ್ನು ಹೆಸರಿಸಿ ಒಪ್ಪಿಕೊಳ್ಳುವುದು, ಭರವಸೆಗೆ ಅವಧಿ ಮತ್ತು ಮಿತಿ ಹಾಕುವುದು, ಹೊರಬರುವ ದಾರಿಯನ್ನು ಮುಕ್ತವಾಗಿಡುವುದು, ನೆರೆಹೊರೆಯಲ್ಲೇ ಪ್ರಾತ್ಯಕ್ಷಿಕೆ ಏರ್ಪಡಿಸುವುದು, ವಿರೋಧಿಸುವವರ ಮಾತಿನಲ್ಲಿರುವ ಮಾಹಿತಿಯನ್ನು ಹೆಕ್ಕಿ ಯೋಜನೆಯನ್ನು ತಿದ್ದುವುದು ಈ ಐದೂ ಪ್ರಚಾರಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ಕೊಟ್ಟ ಮಾತನ್ನು ಅವಧಿ ಮುಗಿದ ಮೇಲೂ ನೆನಪಿಡದಿದ್ದರೆ 1867ರ ಬಳಿಕ ಆದಂತೆ ಗಳಿಸಿದ ವಿಶ್ವಾಸವೇ ಮುಂದಿನ ಅವಿಶ್ವಾಸಕ್ಕೆ ಕಾರಣವಾಗುತ್ತದೆ.

ಒಣಬಯಲಾಗಿದ್ದ ಈ ತಾಲ್ಲೂಕಿನಲ್ಲಿ ಇಂದು ಕಬ್ಬು, ದಾಳಿಂಬೆ, ದ್ರಾಕ್ಷಿ ಬೆಳೆಯುತ್ತವೆ, ಭವಾನಿನಗರದಂಥ ಕಡೆ ಸಹಕಾರಿ ಸಕ್ಕರೆ ಕಾರ್ಖಾನೆಗಳಿವೆ. ವಾಲ್‌ಚಂದ್ ಹೀರಾಚಂದರು 1930ರ ದಶಕದಲ್ಲಿ ಸಕ್ಕರೆ ಉದ್ಯಮಕ್ಕಾಗಿ ಬೆಳೆಸಿದ ವಾಲ್‌ಚಂದ್‌ನಗರದ ಕಾರ್ಖಾನೆ ಮುಂದೆ ಇಸ್ರೋದ ರಾಕೆಟ್ಟುಗಳಿಗೆ ಭಾಗಗಳನ್ನು ತಯಾರಿಸುವ ಮಟ್ಟಕ್ಕೆ ಏರಿತು. ಇದನ್ನು ಸಾಧಿಸಿದವರು ಸಂಶಯವೇ ಇಲ್ಲದ ಜನರಲ್ಲ. ನಂಬುವ ಮೊದಲು ಪರೀಕ್ಷಿಸುವುದು ಪ್ರತಿಯೊಬ್ಬರ ಹಕ್ಕು. ಪರೀಕ್ಷಿಸದೆಯೇ ತಿರಸ್ಕರಿಸುವುದು ತನಗೆ ಮತ್ತು ತನ್ನ ಮಕ್ಕಳಿಗೆ ಬರಬೇಕಾದುದನ್ನು ತಾನೇ ಬಿಟ್ಟುಕೊಡುವುದು. ಆದ್ದರಿಂದ ಮುಂದಿನ ಅವಕಾಶ ಎದುರಾದಾಗ ಓದುಗರು ತಮ್ಮನ್ನು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ‘ಇದನ್ನು ನಂಬಬಹುದೇ’ ಎಂಬುದಲ್ಲ, ‘ಇದನ್ನು ಹೇಗೆ ಪರೀಕ್ಷಿಸಬಹುದು’ ಎಂಬುದು.